ಟರ್ಬೊ ಬದಲಿಸುವ ಮುನ್ನ ಗಾಳಿಯ ದಾರಿ ನೋಡಿ

ಶಿರಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಆರಾಮಾಗಿ ಹತ್ತುತ್ತಿದ್ದ ಡೀಸೆಲ್ ಕಾರು ಈಗ ಎರಡನೇ ಗೇರಿನಲ್ಲೂ ಎಳೆಯುತ್ತಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದೆ ಕಪ್ಪು ಹೊಗೆ ಜಾಸ್ತಿಯಾಗುತ್ತದೆಯೇ ಹೊರತು ವೇಗ ಜಾಸ್ತಿಯಾಗುವುದಿಲ್ಲ. ಇಂಥ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಎಷ್ಟೋ ಕಡೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತದೆ: ‘ಟರ್ಬೊ ಹೋಗಿದೆ ಸಾರ್.’

ಹೋಗಿರಲೂಬಹುದು. ಆದರೆ ಹೊಸ ಟರ್ಬೊಗೆ ಹತ್ತಾರು ಸಾವಿರ ರೂಪಾಯಿ ಬೇಕು. ಇದೇ ಲಕ್ಷಣ ತೋರಿಸುವ ಸೀಳಿದ ರಬ್ಬರ್ ಹೋಸ್, ಸಡಿಲಾದ ಕ್ಲಿಪ್, ಇಲಿ ಕಡಿದ ವ್ಯಾಕ್ಯೂಮ್ ಪೈಪು ಇವಕ್ಕೆಲ್ಲ ಅದರ ಒಂದು ಪಾಲೂ ತಗಲುವುದಿಲ್ಲ. ಸೀಳಿದ ಹೋಸನ್ನು ಹಾಗೇ ಬಿಟ್ಟು ಹೊಸ ಟರ್ಬೊ ಕೂರಿಸಿದರೆ ದುಡ್ಡೂ ಹೋಯಿತು, ಗಾಡಿಯೂ ಎಳೆಯಲಿಲ್ಲ ಎಂಬ ಸ್ಥಿತಿ. ಹಾಗಾಗಿ ಅನುಮಾನದ ಪಟ್ಟಿಯಲ್ಲಿ ಟರ್ಬೊ ಕೊನೆಗಿರಲಿ.

ಈ ಮಾತು ಈಗ ಹೆಚ್ಚು ಜನರಿಗೆ ಬೇಕಾಗಿದೆ. 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಅದಕ್ಕೂ ಮೊದಲು ಮಾರಾಟವಾದ ಡೀಸೆಲ್ ಸ್ವಿಫ್ಟ್, ಡಿಜೈರ್, ರಿಟ್ಜ್‌ಗಳಲ್ಲಿ, ಜೊತೆಗೆ ಟಾಟಾ ವಿಸ್ಟಾದ ಕೆಲವು ಡೀಸೆಲ್ ಮಾದರಿಗಳಲ್ಲಿ, ಡೀಸೆಲ್ ಫಿಯಟ್ ಪುಂಟೊಗಳಲ್ಲಿ ಇದ್ದದ್ದು ಫಿಯಟ್ ಮೂಲದ ಅದೇ 1,248 ಸಿಸಿ ಟರ್ಬೊ ಡೀಸೆಲ್ ಎಂಜಿನ್. ಆ ಗಾಡಿಗಳು ಇನ್ನೂ ಊರೂರಿನಲ್ಲಿ ಓಡುತ್ತಿವೆ, ಎಷ್ಟೋ ಎರಡನೇ, ಮೂರನೇ ಮಾಲೀಕರ ಕೈಯಲ್ಲಿ. ಎಂಜಿನ್ ಗಟ್ಟಿಯಾಗಿಯೇ ಇದೆ. ಮುದಿಯಾಗಿರುವುದು ಅದರ ಸುತ್ತಲಿನ ರಬ್ಬರು. ಇನ್ನೊಂದು ಕಡೆ ಹೊಸದಾಗಿ ಕಾರು ಕೊಳ್ಳುವವರು ಒಂದು ಲೀಟರಿನ ಆಸುಪಾಸಿನ ಟರ್ಬೊ ಪೆಟ್ರೋಲ್ ಕಾರುಗಳಿಗೆ ಮನಸ್ಸು ಮಾಡುತ್ತಿದ್ದಾರೆ. ಅವೂ ಒಂದು ದಿನ ಹಳೆಯವಾಗುತ್ತವೆ.

ಗಾಳಿ ಎಲ್ಲಿಂದ ಎಲ್ಲಿಗೆ

ಟರ್ಬೊ ಅಂದರೆ ಒಂದೇ ಅಕ್ಷದ ಎರಡು ತುದಿಗೆ ಎರಡು ಚಕ್ರ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆಯ ತಿರುಳು ಇಂದಿಗೂ ಇಷ್ಟೇ. ಚಿಕ್ಕ ಕಾರಿನ ಟರ್ಬೊ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತನ್ನು ಮೀರಿ ತಿರುಗುತ್ತದೆ.

ಗಾಳಿಯ ದಾರಿಯನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಏರ್ ಫಿಲ್ಟರ್, ಗಾಳಿ ಅಳೆಯುವ ಸೆನ್ಸರ್, ಟರ್ಬೊದ ತಣ್ಣನೆಯ ಬದಿ, ಅಲ್ಲಿಂದ ಹೋಸ್, ಇಂಟರ್‌ಕೂಲರ್ ಇದ್ದರೆ ಇಂಟರ್‌ಕೂಲರ್, ಮತ್ತೆ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್, ಸಿಲಿಂಡರ್. ಇದು ಒಳದಾರಿ. ಸಿಲಿಂಡರಿನಿಂದ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೊದ ಬಿಸಿ ಬದಿ, ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್. ಇದು ಹೊರದಾರಿ. ಒಳದಾರಿಯಲ್ಲಿ ಟರ್ಬೊ ದಾಟಿದ ಮೇಲೆ ಸೋರಿದರೆ ಒತ್ತಿದ ಗಾಳಿ ಎಂಜಿನ್ನಿಗೆ ಸೇರದೆ ಪೋಲಾಗುತ್ತದೆ. ಹೊರದಾರಿಯಲ್ಲಿ ಟರ್ಬೊಗೆ ಮೊದಲೇ ಸೋರಿದರೆ ಚಕ್ರ ತಿರುಗಿಸುವ ಬಲವೇ ಕಡಿಮೆಯಾಗುತ್ತದೆ. ಎರಡರಲ್ಲೂ ಚಾಲಕನ ದೂರು ಒಂದೇ: ಪಿಕಪ್ ಇಲ್ಲ.

ಒಳದಾರಿ ಸೋರಿದಾಗ ಡೀಸೆಲ್ ಗಾಡಿ ಕಪ್ಪು ಹೊಗೆ ಬಿಡುವುದಕ್ಕೆ ಕಾರಣ ಸರಳ. ಗಾಳಿ ಅಳೆಯುವ ಸೆನ್ಸರ್ ಟರ್ಬೊಗಿಂತ ಮುಂಚೆಯೇ ಇದೆ. ಇಷ್ಟು ಗಾಳಿ ಒಳಗೆ ಬಂತು ಎಂದು ಅದು ಲೆಕ್ಕ ಕೊಟ್ಟಿರುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆ ಲೆಕ್ಕಕ್ಕೆ ಡೀಸೆಲ್ ಬಿಡುತ್ತದೆ, ಆದರೆ ದಾರಿಯಲ್ಲಿ ಒಂದಷ್ಟು ಗಾಳಿ ಸೋರಿಹೋಗಿರುತ್ತದೆ. ಪೂರ್ತಿ ಉರಿಯದೆ ಉಳಿದ ಇಂಧನವೇ ಆ ಮಸಿ. ಪೆಟ್ರೋಲ್ ಕಾರಿನಲ್ಲಿ ಇದು ತಿರುವುಮುರುವು. ಅದು ನಿಂತಲ್ಲಿ ಓಡುವಾಗ ಮ್ಯಾನಿಫೋಲ್ಡಿನಲ್ಲಿ ಇರುವುದು ನಿರ್ವಾತ. ಹಾಗಾಗಿ ಥ್ರಾಟಲ್‌ನಿಂದ ಆಚೆ ಇರುವ ಅದೇ ಸೀಳು ಈಗ ಲೆಕ್ಕಕ್ಕೆ ಸಿಗದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಎಂಜಿನ್ ತಡವರಿಸುತ್ತದೆ. ವೇಗ ಹಿಡಿದಾಗ ಅದೇ ತೂತಿನಿಂದ ಗಾಳಿ ಹೊರಗೆ ಹೋಗುತ್ತದೆ.

ಹೊಗೆಯ ಬಣ್ಣವನ್ನು ನಂಬಬಹುದು, ಆದರೆ ಒಂದು ಮಿತಿಯಲ್ಲಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಅದು ಟರ್ಬೊದ ಸೀಲಿನಿಂದಲೂ ಬಂದಿರಬಹುದು, ಪಿಸ್ಟನ್ ರಿಂಗಿನಿಂದಲೂ ಬಂದಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಡದೆ ಬರುವ ಬಿಳಿ ಹೊಗೆ ಕೂಲೆಂಟ್ ಕಡೆಗೆ ಅಥವಾ ಇಂಜೆಕ್ಟರ್ ಕಡೆಗೆ ಬೆರಳು ತೋರಿಸುತ್ತದೆ. ಈ ಎರಡೂ ಬೇರೆ ಕಾಯಿಲೆ, ಇಲ್ಲಿ ಅವುಗಳ ಮಾತಿಲ್ಲ.

ಮೊದಲು ಅಂಕಿ, ಆಮೇಲೆ ಸ್ಪ್ಯಾನರ್

ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ಈಗ ಅಗ್ಗಕ್ಕೆ ಸಿಗುತ್ತದೆ. ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಸಾಕು. ಹೆಚ್ಚಿನವರು ಕೋಡ್ ಓದಿ ಅಷ್ಟಕ್ಕೇ ನಿಲ್ಲುತ್ತಾರೆ. ಪಿ0299 ಬಂದರೆ ಒತ್ತಡ ಸಾಲದು ಎಂದರ್ಥ, ಪಿ0234 ಬಂದರೆ ಒತ್ತಡ ಮಿತಿಮೀರಿದೆ ಎಂದರ್ಥ. ‘ಒತ್ತಡ ಸಾಲದು’ ಎಂಬ ಕೋಡಿಗೆ ‘ಟರ್ಬೊ ಕೆಟ್ಟಿದೆ’ ಎಂಬ ಅರ್ಥ ಎಲ್ಲೂ ಇಲ್ಲ. ಕೋಡಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡದ ಅಂಕಿ. ಆ್ಯಪ್‌ನಲ್ಲಿ ಅದು ಎಂಎಪಿ ಎಂದಿರುತ್ತದೆ, ಕಿಲೋಪಾಸ್ಕಲ್‌ನಲ್ಲಿ ತೋರಿಸುತ್ತದೆ.

ಇಲ್ಲಿ ನಮ್ಮ ನಾಡಿನ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯಬೇಕು. ಮ್ಯಾನಿಫೋಲ್ಡಿನ ಈ ಒತ್ತಡದ ಸೆನ್ಸರ್ ತೋರಿಸುವುದು ಹೊರಗಿನ ವಾಯುಭಾರವೂ ಸೇರಿದ ಪೂರ್ಣ ಒತ್ತಡ. ಎಂಜಿನ್ ಆಫ್ ಇದ್ದು ಇಗ್ನಿಷನ್ ಮಾತ್ರ ಆನ್ ಮಾಡಿದಾಗ ಮಂಗಳೂರಿನಲ್ಲಿ ಸುಮಾರು 101 ಬರಬೇಕು. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91, ಮಡಿಕೇರಿಯಲ್ಲಿ 88ರ ಆಸುಪಾಸು. ಈ ಅಂಕಿಯೇ ತಪ್ಪಿದ್ದರೆ ಸೆನ್ಸರ್‌ನ ಮೇಲೆ ಮಸಿ ಕೂತಿದೆ ಅಥವಾ ಅದು ಕೆಟ್ಟಿದೆ. ಅದನ್ನು ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ನೋಡದೆ ಮುಂದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ.

ಆಮೇಲೆ ಖಾಲಿ ಇರುವ ಏರುದಾರಿಯಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ 1,500 ಸುತ್ತಿನಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟು 3,000ದವರೆಗೆ ಒಯ್ಯಿರಿ. ಮೊಬೈಲ್ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ. ನಿಂತಲ್ಲೇ ರೇಸ್ ಮಾಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಭಾರ ಬೀಳದೆ ಟರ್ಬೊ ಪೂರ್ತಿ ಒತ್ತಡ ಕಟ್ಟುವುದಿಲ್ಲ. ಸಾಮಾನ್ಯ ಡೀಸೆಲ್ ಕಾರಿನಲ್ಲಿ ಈ ಅಂಕಿ 200ರ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಏರಬೇಕು. ನಿಮ್ಮ ಮಾದರಿಯ ಖಚಿತ ಅಂಕಿ ವರ್ಕ್‌ಶಾಪ್ ಕೈಪಿಡಿಯಲ್ಲಿರುತ್ತದೆ. ಕಂಪನಿಯ ಸ್ಕ್ಯಾನರ್ ಆದರೆ ಕಂಪ್ಯೂಟರ್ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಎಂದು ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ.

ಅಂಕಿ 100ರ ಹತ್ತಿರವೇ ಅಂಟಿಕೊಂಡಿದ್ದರೆ ಹೋಸ್ ಪೂರ್ತಿ ಕಳಚಿರಬಹುದು ಅಥವಾ ಟರ್ಬೊಗೆ ಅಪ್ಪಣೆ ಕೊಡುವ ವ್ಯಾಕ್ಯೂಮ್ ಹೋಗಿರಬಹುದು. 150, 160ಕ್ಕೆ ಏರಿ ಅಲ್ಲೇ ನಿಂತರೆ ಎಲ್ಲೋ ಸೋರುತ್ತಿರುವ ಸಾಧ್ಯತೆ ಹೆಚ್ಚು. ಅಂಕಿ ಸರಿಯಾಗಿ ಏರಿಯೂ ಗಾಡಿ ಎಳೆಯದಿದ್ದರೆ? ಆಗ ತಪ್ಪು ಟರ್ಬೊ ಕಡೆ ಇಲ್ಲ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಎಂಜಿನ್ ಸುತ್ತು ಏರಿಯೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಘಟ್ಟದಲ್ಲಿ ಕ್ಲಚ್ ಜಾರುವುದನ್ನು ಟರ್ಬೊ ತಪ್ಪೆಂದು ತಿಳಿಯುವವರು ಕಡಿಮೆಯೇನಿಲ್ಲ.

ಹೋಸ್, ಕ್ಲಿಪ್, ಇಲಿ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಒಳದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ. ಏರ್ ಫಿಲ್ಟರನ್ನು ಮೊದಲು ತೆಗೆದು ನೋಡಿ, ನಮ್ಮ ಧೂಳಿನಲ್ಲಿ ಅದು ಕಟ್ಟಿಕೊಂಡು ಉಸಿರುಗಟ್ಟಿಸಿರುವುದು ಉಂಟು. ಹೋಸನ್ನು ಹಿಚುಕಿ, ಬಗ್ಗಿಸಿ, ಕೆಳಬದಿಗೆ ಬೆರಳು ಹಾಕಿ ಸವರಿ. ಸೀಳು ಮೇಲೆ ಕಾಣುವುದು ಅಪರೂಪ. ಎಂಜಿನ್ ಅಲುಗಾಡಿದಾಗ ಬ್ರಾಕೆಟ್ಟಿಗೋ ಬ್ಯಾಟರಿ ಟ್ರೇಗೋ ಉಜ್ಜುವ ಕಡೆ, ಕ್ಲಿಪ್ಪಿನ ಅಂಚಿನಲ್ಲಿ, ಬಾಗುವ ಮೊಣಕೈಯಲ್ಲಿ ಅದು ಅಡಗಿರುತ್ತದೆ. ಹೋಸ್ ಒಳಗೆ ತೆಳುವಾದ ಆಯಿಲ್ ಪಸೆ ಇರುವುದು ಸಹಜ, ಎಂಜಿನ್ನಿನ ಬ್ರೀದರ್‌ನಿಂದ ಬರುವ ಆವಿ ಅದು. ಅದನ್ನೇ ತೋರಿಸಿ ‘ನೋಡಿ, ಟರ್ಬೊ ಆಯಿಲ್ ಬಿಡ್ತಿದೆ’ ಎಂದು ಹೆದರಿಸುವವರಿದ್ದಾರೆ. ಹೆದರಬೇಡಿ. ಆ ಪಸೆ ಹೊರಗೆ ಬಂದು ಧೂಳು ಹಿಡಿದು ಕಪ್ಪಗೆ ಒದ್ದೆಯಾಗಿರುವ ಜಾಗ ಸಿಕ್ಕರೆ ಸೋರಿಕೆಯ ವಿಳಾಸವೇ ಸಿಕ್ಕಿತು.

ಇಂಟರ್‌ಕೂಲರ್ ಬಂಪರಿನ ಹಿಂದೆಯೋ ಎಂಜಿನ್ನಿನ ಮೇಲೆಯೋ ಇರುತ್ತದೆ. ಅದರ ಅಲ್ಯೂಮಿನಿಯಂ ಜಾಲರಿಗೆ ಎರಡೂ ಬದಿಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮಡಚಿ ಕೂರಿಸಿರುತ್ತಾರೆ, ಆ ಸೇರುವೆ ವರ್ಷ ಕಳೆದಂತೆ ಬಿಡುತ್ತದೆ. ಸಣ್ಣ ವ್ಯಾಕ್ಯೂಮ್ ಪೈಪುಗಳನ್ನು ಮರೆಯಬೇಡಿ. ಗಾಡಿ ವಾರಗಟ್ಟಲೆ ನಿಲ್ಲುವ ಮನೆಗಳಲ್ಲಿ, ಅದರಲ್ಲೂ ಪಕ್ಕದಲ್ಲಿ ಅಡಿಕೆ, ಭತ್ತ ತುಂಬಿದ ಕೊಟ್ಟಿಗೆ ಇದ್ದರೆ, ಇಲಿಗಳು ಬಾನೆಟ್ ಒಳಗೆ ಸಂಸಾರ ಹೂಡುತ್ತವೆ. ಪೆನ್ಸಿಲ್ ದಪ್ಪದ ಒಂದು ಪೈಪು ಕಡಿದರೂ ಇಡೀ ಟರ್ಬೊ ಕೆಲಸ ನಿಲ್ಲಿಸಬಹುದು.

ಕಣ್ಣಿಗೆ ಕಾಣದ್ದನ್ನು ಹಿಡಿಯಲು ಒತ್ತಡದ ಪರೀಕ್ಷೆಗಿಂತ ಒಳ್ಳೆಯ ದಾರಿ ಇಲ್ಲ. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ, ಟರ್ಬೊದ ಬಾಯಿಗೆ, ಟೈರಿನ ವಾಲ್ವ್ ಕೂರಿಸಿದ ಒಂದು ಮುಚ್ಚಳ ಬಿಗಿದು ಕಂಪ್ರೆಸರ್‌ನಿಂದ ಗಾಳಿ ತುಂಬುವುದು, ಹೋಸುಗಳ ಮೇಲೆ ಸೋಪಿನ ನೀರು ಚಿಮುಕಿಸುವುದು. ನೊರೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಾಕು, ಆದರೆ ಒತ್ತಡ ಮಿತಿಗೊಳಿಸುವ ರೆಗ್ಯುಲೇಟರ್ ಇಲ್ಲದೆ ಕೈ ಹಾಕಲೇಬೇಡಿ. ಅದರ ಟ್ಯಾಂಕಿನಲ್ಲಿರುವುದು ನೂರು ಪಿಎಸ್‌ಐಗೂ ಮೇಲೆ, ನಮಗೆ ಬೇಕಾದದ್ದು ಹತ್ತರಿಂದ ಹದಿನೈದು. ಐದರಿಂದ ಶುರುಮಾಡಿ. ಮುಚ್ಚಳದ ಎದುರು ನಿಲ್ಲಬೇಡಿ, ಕಳಚಿದರೆ ಗುಂಡಿನಂತೆ ಹಾರುತ್ತದೆ. ಬ್ರೀದರ್ ಪೈಪಿನ ಬಾಯಿ ಮುಚ್ಚಿ, ಆಯಿಲ್ ಹಾಕುವ ಮುಚ್ಚಳ ತೆರೆದಿಡಿ, ಇಲ್ಲವಾದರೆ ಗಾಳಿ ಎಂಜಿನ್ನಿನ ಹೊಟ್ಟೆಗೆ ಹೋಗಿ ಆಯಿಲ್ ಸೀಲುಗಳನ್ನು ಕಿತ್ತುಬಿಡುತ್ತದೆ. ತೆರೆದ ವಾಲ್ವ್ ಇರುವ ಸಿಲಿಂಡರ್ ಮೂಲಕ ಸೈಲೆನ್ಸರ್ ಕಡೆಗೆ ಸ್ವಲ್ಪ ಗಾಳಿ ಹೋಗುವುದು ಸಹಜ.

ದೊಡ್ಡ ವರ್ಕ್‌ಶಾಪುಗಳಲ್ಲಿ ಹೊಗೆ ತುಂಬಿ ನೋಡುವ ಯಂತ್ರವೂ ಇರುತ್ತದೆ. ಚೆನ್ನಾಗಿದೆ, ಆದರೆ ಅದು ಬಳಸುವುದು ತೀರಾ ಕಡಿಮೆ ಒತ್ತಡ. ಪೂರ್ತಿ ಭಾರ ಬಿದ್ದಾಗ ಮಾತ್ರ ಬಾಯಿ ಬಿಡುವ ಸೀಳು ಅದರ ಕಣ್ಣು ತಪ್ಪಿಸುತ್ತದೆ. ಹೊಗೆ ಪರೀಕ್ಷೆಯಲ್ಲಿ ಪಾಸಾದ ಹೋಸನ್ನು ಒತ್ತಡದ ಪರೀಕ್ಷೆ ಇಲ್ಲದೆ ನಂಬಬೇಡಿ.

ಎರಡು ಕೆಲಸ ಯಾವ ಕಾರಣಕ್ಕೂ ಬೇಡ. ಡೀಸೆಲ್ ಎಂಜಿನ್ ಓಡುತ್ತಿರುವಾಗ ಸೋರಿಕೆ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್‌ನಂಥ ಸ್ಪ್ರೇ ಹೊಡೆಯಬೇಡಿ. ಅದನ್ನೇ ಇಂಧನವಾಗಿ ಕುಡಿದು ಎಂಜಿನ್ ಕೀಲಿ ತಿರುಗಿಸಿದರೂ ನಿಲ್ಲದ ಹಾಗೆ ಓಡಬಹುದು, ಬಿಸಿ ಮ್ಯಾನಿಫೋಲ್ಡಿಗೆ ಬಿದ್ದರೆ ಬೆಂಕಿ. ಟರ್ಬೊದ ಬಾಯಿ ತೆರೆದಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಡಿ, ಹತ್ತಿರದ ಬಟ್ಟೆ ಚೂರನ್ನೂ ಅದು ಎಳೆದುಕೊಳ್ಳುತ್ತದೆ.

ಹೊರದಾರಿಯ ಸೋರಿಕೆ

ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎಂಜಿನ್ ಕಡೆಯಿಂದ ‘ಟಕ್ ಟಕ್’ ಸದ್ದು, ಆಕ್ಸಿಲರೇಟರ್ ಕೊಟ್ಟಂತೆ ಅದೂ ಜೋರು, ಐದಾರು ನಿಮಿಷ ಓಡಿದ ಮೇಲೆ ಮಾಯ. ಇದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರುವ ಲಕ್ಷಣ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಸದ್ದು ನಿಂತಿರುತ್ತದೆ, ಮೆಕ್ಯಾನಿಕ್‌ಗೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಗಾಡಿ ಬಿಟ್ಟುಬನ್ನಿ, ಬೆಳಿಗ್ಗೆ ಅವರೇ ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲಿ.

ಸೋರುವ ಜಾಗದಲ್ಲಿ ಮಸಿಯ ಗೆರೆ ಮೂಡಿರುತ್ತದೆ. ಮ್ಯಾನಿಫೋಲ್ಡ್ ಮತ್ತು ಹೆಡ್ ಸೇರುವ ಕಡೆ, ಟರ್ಬೊ ಕೂತ ಫ್ಲ್ಯಾಂಜಿನ ಸುತ್ತ, ಬಾನೆಟ್ಟಿನ ಒಳಹೊದಿಕೆಯ ಮೇಲೆ ಹುಡುಕಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲಿ ಹಚ್ಚಿದ ಊದುಬತ್ತಿಯನ್ನು ಸೇರುವೆಗಳ ಹತ್ತಿರ ಹಿಡಿದರೆ ಸೋರುವ ಕಡೆ ಅದರ ಹೊಗೆ ಪಕ್ಕಕ್ಕೆ ಚದುರುತ್ತದೆ. ಇದು ಡೀಸೆಲ್ ಗಾಡಿಗೆ ಮಾತ್ರ, ಅದೂ ಇಂಧನದ ವಾಸನೆ ಇಲ್ಲದಿದ್ದಾಗ ಮಾತ್ರ. ಪೆಟ್ರೋಲ್, ಗ್ಯಾಸ್ ಗಾಡಿಯ ಬಾನೆಟ್ ಒಳಗೆ ಕಿಡಿ ಒಯ್ಯಬಾರದು. ಅವಕ್ಕೆ ಇನ್ನೊಂದು ಉಪಾಯ: ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಒದ್ದೆ ಗೋಣಿಯನ್ನು ಸೈಲೆನ್ಸರ್ ತುದಿಗೆ ಕೆಲವು ಸೆಕೆಂಡು ಒತ್ತಿ ಹಿಡಿಯುವುದು, ಇನ್ನೊಬ್ಬರು ಮುಂದೆ ನಿಂತು ‘ಸುಸ್’ ಎನ್ನುವ ಕಡೆ ಕಿವಿಗೊಡುವುದು.

ಮ್ಯಾನಿಫೋಲ್ಡ್ ಸೋರಲು ಸಾಮಾನ್ಯ ಕಾರಣ ಮುರಿದ ಸ್ಟಡ್. ನೂರಾರು ಡಿಗ್ರಿ ಕಾದು ತಣಿದು ಕಾದು ತಣಿದು ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಸೊಟ್ಟಗಾಗುತ್ತದೆ, ಸ್ಟಡ್ ತುಂಡಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ. ಬರೀ ಗ್ಯಾಸ್ಕೆಟ್ ಬದಲಿಸಿದರೆ ಸಾಲದು. ಮ್ಯಾನಿಫೋಲ್ಡಿನ ಮುಖಕ್ಕೆ ಸ್ಕೇಲ್ ಇಟ್ಟು ಬೆಳಕು ನುಸುಳುತ್ತದೆಯೇ ನೋಡಬೇಕು, ಸೊಟ್ಟಗಿದ್ದರೆ ಎಂಜಿನ್ ಕೆಲಸದ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಬೇಕು. ಹೊಸ ಗ್ಯಾಸ್ಕೆಟ್, ಹೊಸ ನಟ್ಟು, ಟಾರ್ಕ್ ರೆಂಚ್, ಬಿಗಿಯುವುದು ಮಧ್ಯದಿಂದ ಅಂಚಿನ ಕಡೆಗೆ. ಟರ್ಬೊಗಿಂತ ಮುಂಚಿನ ಬಿರುಕಿಗೆ ಎಕ್ಸಾಸ್ಟ್ ಪೇಸ್ಟ್ ಮೆತ್ತಲು ಬಿಡಬೇಡಿ. ಗಟ್ಟಿಯಾದ ಪೇಸ್ಟ್ ಒಳಗಡೆ ಉದುರಿ ಚೂರು ಹೋಗಿ ಟರ್ಬೊದ ಚಕ್ರಕ್ಕೇ ಬಡಿಯುತ್ತದೆ. ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೇ ಕಳಿಸುವ ಇಜಿಆರ್ ಪೈಪನ್ನೂ ನೋಡಿ. ಎಷ್ಟೋ ಎಂಜಿನ್ನುಗಳಲ್ಲಿ ಅದು ಟರ್ಬೊಗೆ ಹೋಗಬೇಕಾದ ಹೊಗೆಯಲ್ಲೇ ಪಾಲು ತೆಗೆಯುತ್ತದೆ, ಬಿರುಕು ಬಿಟ್ಟರೆ ಫಲ ಒಂದೇ.

ಟರ್ಬೊ ದಾಟಿದ ಮೇಲಿನ ಸೋರಿಕೆ, ಅಂದರೆ ಫ್ಲೆಕ್ಸ್ ಪೈಪ್, ಸೈಲೆನ್ಸರ್ ಜೋಡಣೆ ಇತ್ಯಾದಿ, ಸದ್ದು ಮಾಡುತ್ತದೆ, ವಾಸನೆ ಬರಿಸುತ್ತದೆ, ಪಿಕಪ್ ಅಷ್ಟಾಗಿ ಕದಿಯುವುದಿಲ್ಲ. ಆದರೆ ಪೆಟ್ರೋಲ್ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್‌ಗೆ ಮುಂಚೆ ಸೋರಿದರೆ ಹೊರಗಿನ ಗಾಳಿ ಒಳನುಸುಳಿ ಸೆನ್ಸರನ್ನು ಮೋಸಗೊಳಿಸುತ್ತದೆ. ಕಂಪ್ಯೂಟರ್ ಸುಮ್ಮನೆ ಹೆಚ್ಚು ಪೆಟ್ರೋಲ್ ಬಿಡುತ್ತದೆ, ಮೈಲೇಜ್ ಬೀಳುತ್ತದೆ.

ಪಿಕಪ್ ಹೋದರೆ ತಡೆದುಕೊಳ್ಳಬಹುದು, ಕಾರಿನೊಳಗೆ ಎಕ್ಸಾಸ್ಟ್ ಹೊಗೆ ಬಂದರೆ ತಡೆಯುವ ಹಾಗಿಲ್ಲ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಂದರೆ ಗಾಡಿ ನಿಲ್ಲಿಸಿ ಎಲ್ಲರೂ ಹೊರಗೆ ಬನ್ನಿ. ಎಕ್ಸಾಸ್ಟ್ ಸೋರುವ ಗಾಡಿಯಲ್ಲಿ ಎಸಿ ಹಾಕಿಕೊಂಡು ಮಲಗಬಾರದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಯಾವ ಗಾಡಿಯ ಎಂಜಿನ್ನನ್ನೂ ಓಡಿಸಬಾರದು.

ಸೋರಿಕೆ ಇಲ್ಲವೆಂದಾದರೆ

ಟರ್ಬೊದ ಒತ್ತಡವನ್ನು ಹಿಡಿತದಲ್ಲಿಡುವ ಆಕ್ಚುಯೇಟರ್ ಕಡೆ ತಿರುಗಿ. ರೆಕ್ಕೆ ಹೊರಳಿಸುವ ಬಗೆಯ ಟರ್ಬೊಗಳಲ್ಲಿ ಬಹಳಷ್ಟು ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ಕೈ ಪಂಪಿನಿಂದ ನಿರ್ವಾತ ಕೊಟ್ಟರೆ ಅದರ ಕಡ್ಡಿ ತಡವರಿಸದೆ ಚಲಿಸಿ ಅಲ್ಲೇ ನಿಲ್ಲಬೇಕು. ಕಡ್ಡಿ ಅಂಟುತ್ತಿದ್ದರೆ ಒಳಗೆ ಮಸಿ ಕಟ್ಟಿದೆ, ಬಿಚ್ಚಿ ಸ್ವಚ್ಛ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ಸರಳ ವೇಸ್ಟ್‌ಗೇಟ್ ಇರುವ ಟರ್ಬೊದಲ್ಲಿ ಆಕ್ಚುಯೇಟರ್ ಪೈಪು ಕಳಚಿದರೆ ಒತ್ತಡ ಇಳಿಯುವುದಿಲ್ಲ, ಬದಲಿಗೆ ಮಿತಿಮೀರುತ್ತದೆ, ಆಗ ಕಂಪ್ಯೂಟರೇ ಎಂಜಿನ್ನಿನ ಶಕ್ತಿ ಕತ್ತರಿಸುತ್ತದೆ. ಇಜಿಆರ್ ವಾಲ್ವ್ ತೆರೆದೇ ಅಂಟಿಕೊಂಡಿದ್ದರೂ, ಕನ್ವರ್ಟರ್ ಅಥವಾ ಬಿಎಸ್-6 ಡೀಸೆಲ್‌ನ ಮಸಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಒತ್ತಡ ಏರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಟರ್ಬೊ. ಹೋಸ್ ಬಿಚ್ಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇದ್ದರೆ ತಪ್ಪಲ್ಲ, ಅಕ್ಷ ಆಯಿಲ್ ಪದರದ ಮೇಲೆ ತೇಲುವುದರಿಂದ ಅದು ಇರಲೇಬೇಕು. ಹಿಂದಕ್ಕೆ ಮುಂದಕ್ಕೆ ಎಳೆದಾಗ ಆಟ ಕೈಗೆ ಸಿಕ್ಕಿದರೆ, ರೆಕ್ಕೆಯ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ರೆಕ್ಕೆ ಮುಕ್ಕಾಗಿದ್ದರೆ ಆ ಟರ್ಬೊ ಮುಗಿಯಿತು. ಸೋರಿಕೆಯನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು ಓಡಿಸಿದ್ದರೆ ಅದೇ ಕಾರಣವಾಗಿದ್ದೀತು: ಪೋಲಾಗುವ ಗಾಳಿಯನ್ನು ತುಂಬಿಕೊಡಲು ಟರ್ಬೊ ತನ್ನ ಮಿತಿ ಮೀರಿ ತಿರುಗಿರುತ್ತದೆ.

ಬದಲಿಸಲೇಬೇಕಾದರೆ ಬಿಲ್ಲಿನಲ್ಲಿ ಟರ್ಬೊ ಒಂದೇ ಇದ್ದರೆ ಒಪ್ಪಬೇಡಿ. ಟರ್ಬೊಗೆ ಆಯಿಲ್ ಕೊಡುವ ಪೈಪ್ ಮಸಿ ಕಟ್ಟಿದ್ದರೆ ಹೊಸದೂ ಬೇಗನೇ ಹೋಗುತ್ತದೆ, ಅದನ್ನು ಬದಲಿಸಿರಬೇಕು. ಹೊಸ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎರಡೂ ಕಡೆಯ ಗ್ಯಾಸ್ಕೆಟ್ ಇರಬೇಕು. ಹಳೆಯ ಚಕ್ರ ಒಡೆದಿದ್ದರೆ ಅದರ ಚೂರು ಇಂಟರ್‌ಕೂಲರ್‌ನಲ್ಲಿ ಕೂತಿರುತ್ತದೆ, ಅದನ್ನು ಬಿಚ್ಚಿ ತೊಳೆದಿರಬೇಕು. ಹಳೆಯ ಟರ್ಬೊವನ್ನು ನಿಮ್ಮ ಕೈಗೆ ಕೊಡಲು ಹೇಳಿ, ಮೂರನೇ ಗೇರಿನ ಅಂಕಿಯನ್ನು ಮೊಬೈಲಿನಲ್ಲಿ ನೋಡಿದ ಮೇಲೆಯೇ ದುಡ್ಡು ಕೊಡಿ.